ಫರ್ಡಿನಾಂಡ್ ಕಿಟ್ಟೆಲ್: ಸೋತ ಸುವಾರ್ತಿಕರ ಸೇವೆ

ದುಬೈಯ ಸತ್ವಾದಲ್ಲಿರುವ ನನ್ನ ಮನೆಯ ಕಪಾಟಿನಲ್ಲಿ ವೈದ್ಯಶಾಸ್ತ್ರದ ಗ್ರಂಥಗಳ ಪಕ್ಕಕ್ಕೆ ಕಿಟ್ಟೆಲ್ ಅವರ ನಿಘಂಟಿನ ಮರುಮುದ್ರಣವೊಂದಿದೆ. ಕನ್ನಡಿಗ ರೋಗಿಯೊಬ್ಬರು ತಮ್ಮ ನೋವನ್ನು ಊರಿನ ಮಾತಿನಲ್ಲಿ ಹೇಳಿ, ಆ ಪದ ನನಗೆ ತಿಳಿಯದೆ ಹೋದರೆ, ಸಂಜೆ ಮನೆಗೆ ಬಂದು ಅದರಲ್ಲಿ ಹುಡುಕುತ್ತೇನೆ. ಆ ಗ್ರಂಥಕರ್ತರು ತಾವು ಹೊರಟು ಬಂದ ಕೆಲಸದಲ್ಲಿ, ಅಂದರೆ ಸುವಾರ್ತಾಸೇವೆಯಲ್ಲಿ, ಬಹುಕಾಲ ಸೋತವರೆಂಬುದು ನನಗೆ ತಡವಾಗಿ ತಿಳಿಯಿತು.

ಫರ್ಡಿನಾಂಡ್ ಕಿಟ್ಟೆಲ್ 1832ರ ಏಪ್ರಿಲ್ 7ರಂದು ಜರ್ಮನಿಯ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಗ್ರಾಮದಲ್ಲಿ, ಸಭಾಪಾಲಕರೊಬ್ಬರ ಮಗನಾಗಿ ಜನಿಸಿದರು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಪ್ರಕಟವಾದದ್ದೂ ಅದೇ ವರ್ಷ. ಹಿಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಕಲಿತ ಕಿಟ್ಟೆಲ್ 1850ರಲ್ಲಿ ಬಾಸೆಲ್ ಮಿಷನ್ ಸೇರಿ, 1853ರಲ್ಲಿ ಮಂಗಳೂರಿಗೆ ಬಂದರು.

ಭಾರತೀಯರಿಗೆ ಭಾರತೀಯನಾಗಿ ಬಾಳಬೇಕೆಂಬುದು ಅವರ ಸಂಕಲ್ಪವಾಗಿತ್ತು. ಯೆಹೂದ್ಯರಿಗೆ ಯೆಹೂದ್ಯನಂತಾದ ಅಪೊಸ್ತಲ ಪೌಲನ ಮಾದರಿ ಅವರ ಮುಂದಿತ್ತು. ಆದರೆ ಮಿಷನ್‌ಗೆ ತನ್ನದೇ ಶಿಸ್ತು, ತನ್ನದೇ ಕ್ರಮಗಳಿದ್ದವು. ಯುವಕ ಕಿಟ್ಟೆಲ್ ತಮ್ಮ ನಿಲುವನ್ನು ಸುಲಭವಾಗಿ ಬಿಟ್ಟುಕೊಡುವವರಲ್ಲ. ಹಿರಿಯರೊಡನೆ ಘರ್ಷಣೆ ಬೆಳೆಯಿತು, ಅವರ ಮೇಲಿನ ವಿಶ್ವಾಸ ಕುಗ್ಗಿತು. ಧಾರವಾಡದ ಸೀಮೆ, ನೀಲಗಿರಿ, ಮಂಗಳೂರು, ಮಡಿಕೇರಿ ಎಂದು ಬದುಕು ಸಾಗಿತು. ಬೋಧಕರಾಗಿ ಅವರು ಹಾರೈಸಿದ ಫಲ ಕಾಣಲಿಲ್ಲ. ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಪತ್ನಿ ಪೌಲಿನೆ ತೀರಿಕೊಂಡರು. ಮೂರು ವರ್ಷಗಳ ಬಳಿಕ ಆಕೆಯ ತಂಗಿ ಯೂಲಿಯೆ ಅವರನ್ನು ಕಿಟ್ಟೆಲ್ ವಿವಾಹವಾದರು.

ಈ ಸೋಲುಗಳ ನಡುವೆಯೂ ಕಿಟ್ಟೆಲ್ ಕರೆಯನ್ನು ತೊರೆಯಲಿಲ್ಲ. ಕೈಗೆ ದೊರೆತ ಕೆಲಸವನ್ನೇ ಆರಾಧನೆಯಂತೆ ಮಾಡಿದರು. ಯೇಸುವಿನ ಜೀವನವನ್ನು ಭಾರತೀಯ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ 1862ರಲ್ಲಿ ಹೊರಬಂದಿತು. ಜನರಿಗೆ ಸುವಾರ್ತೆ ತಲುಪಬೇಕಾದರೆ ಜನರ ನುಡಿಯನ್ನು ಬೇರುಸಹಿತ ಅರಿಯಬೇಕೆಂಬ ದಾರಿ ಅಲ್ಲಿಂದ ಮುಂದೆ ಸಾಗಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಸಂಪಾದಿಸಿ ಪ್ರಕಟಿಸಿದರು. ಜೈನ, ವೀರಶೈವ, ವೈದಿಕ ಕವಿಗಳ ಕೃತಿಗಳನ್ನು ಓದಿದರು. ಪಾಠ ಹೇಳಲು ಬಂದವರು ವಿದ್ಯಾರ್ಥಿಯಾದರು. ಅವರ ಹಠ ಅಳಿಯಲಿಲ್ಲ, ತಾಳ್ಮೆಯಾಗಿ ಮಾಗಿತು ಎಂದು ನಾನು ತಿಳಿಯುತ್ತೇನೆ.

1877ರಲ್ಲಿ ಜರ್ಮನಿಗೆ ಮರಳಿದ್ದ ಅವರು 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮನೆಮಂದಿಯನ್ನು ಅಲ್ಲಿಯೇ ಬಿಟ್ಟು ನಿಘಂಟಿಗಾಗಿ ಪುನಃ ಬಂದರು. ದೇಶೀಯ ಪಂಡಿತರ ನೆರವಿನಿಂದ ಕಾವ್ಯದ ಪದ, ಗಾದೆ, ಆಡುಮಾತುಗಳನ್ನು ಒಟ್ಟುಗೂಡಿಸಿದರು. 1892ರಲ್ಲಿ ಭಾರತಕ್ಕೆ ವಿದಾಯ ಹೇಳಿದರು. ಎರಡು ವರ್ಷಗಳ ನಂತರ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ, ಬಾಸೆಲ್ ಮಿಷನ್‌ನಿಂದಲೇ ಪ್ರಕಟವಾಯಿತು. ಒಂದು ಕಾಲಕ್ಕೆ ಅವರೊಡನೆ ಹೊಂದಿಕೊಳ್ಳಲಾರದ ಸಂಸ್ಥೆಯೇ ಅವರ ಜೀವಮಾನದ ಫಲವನ್ನು ಲೋಕಕ್ಕೆ ನೀಡಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡ ವ್ಯಾಕರಣ ಗ್ರಂಥ ಪ್ರಕಟವಾದ 1903ರ ಡಿಸೆಂಬರ್‌ನಲ್ಲಿ ಅದೇ ಊರಿನಲ್ಲಿ ನಿಧನರಾದರು.

ಈ ಜೀವನವನ್ನು ನಾನು ವಿದ್ವಾಂಸನಾಗಿ ಓದಲಿಲ್ಲ. ಇಲ್ಲಿನ ನಮ್ಮ ಪುಟ್ಟ ಸಭೆಯ ಸಮಿತಿಯನ್ನು ಕೋಪದಿಂದ ಎರಡು ಸಲ ಬಿಟ್ಟವನು ನಾನು. ತಪ್ಪು ನನ್ನದೇ. ನನ್ನ ಮಾತು ನಡೆಯದಿದ್ದರೆ ಸೇವೆಯೇ ವ್ಯರ್ಥವೆಂದು ಭಾವಿಸಿದ್ದೆ. ಪ್ರತಿ ತಪಸ್ಸಿನ ಕಾಲದಲ್ಲೂ ತಿದ್ದಿಕೊಳ್ಳುವೆನೆಂದು ಪ್ರಾರ್ಥಿಸಿ, ಪುನರುತ್ಥಾನದ ಹಬ್ಬ ಕಳೆಯುವ ಮೊದಲೇ ಎಡವುತ್ತಿದ್ದೆ. ಕಿಟ್ಟೆಲ್ ಅವರ ಬಾಳು ನನ್ನ ಕೋಪಕ್ಕೆ ಮದ್ದಾಯಿತೆಂದು ಹೇಳಲಾರೆ. ಆದರೆ ಈ ವರ್ಷ ಸಮಿತಿಯ ಸ್ಥಾನ ಕೇಳದೆ, ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಕೀರ್ತನೆಗಳ ಅರ್ಥ ಹೇಳಿಕೊಡುವ ಕೆಲಸವನ್ನು ಒಪ್ಪಿಕೊಂಡೆ. ಆರಾಧನೆಯ ಹಿಂದಿನ ರಾತ್ರಿ ಆ ನಿಘಂಟು ಕಪಾಟಿನಿಂದ ಮೇಜಿಗೆ ಬರುತ್ತದೆ.