ಅಂಚೆಪೇದೆಯ ಅರಮನೆ

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ ಓತ್‌ರೀವ್ ಎಂಬ ಹಳ್ಳಿಯೊಂದಿದೆ. ಅಲ್ಲಿಗೆ ಹೋದವರು ಕೌತುಕದಿಂದ ನೋಡುವುದು ಯಾವ ಅರಸನ ಅರಮನೆಯನ್ನೂ ಅಲ್ಲ. ಒಬ್ಬ ಅಂಚೆಪೇದೆ ತನ್ನ ಕೈಯಾರೆ ಕಟ್ಟಿದ ಅರಮನೆಯನ್ನು. ಆತನ ಹೆಸರು ಫೆರ್ಡಿನಾಂ ಶೆವಾಲ್. ನೋಡುವವನು ದೂರ ನಿಲ್ಲದೆ ಒಳಹೊಕ್ಕು ಸುತ್ತಾಡುವಂತೆ ರಚಿಸುವ ಕಲೆಗೆ ಈಗ ಪ್ರತಿಷ್ಠಾಪನಾ ಕಲೆ ಎಂದು ಹೆಸರಿದೆ. ಆ ಹೆಸರು ಹುಟ್ಟುವ ಮೊದಲೇ ಶೆವಾಲನು ಅಂತಹ ಕೆಲಸವನ್ನು ಮಾಡಿ ಮುಗಿಸಿದ್ದನು.

ಆತನು 1836ರ ಏಪ್ರಿಲ್ 19ರಂದು ಬಡ ರೈತರ ಮನೆಯಲ್ಲಿ ಜನಿಸಿದನು. ಚಿಕ್ಕಂದಿನಲ್ಲಿಯೇ ಶಾಲೆ ಬಿಟ್ಟು, ರೊಟ್ಟಿ ಸುಡುವವನ ಕೈಕೆಳಗೆ ಕೆಲಸ ಕಲಿತನು. 1867ರಲ್ಲಿ ಅಂಚೆಯ ನೌಕರಿ ದೊರೆಯಿತು. ದಿನಕ್ಕೆ ಮೂವತ್ತು ಕಿಲೋಮೀಟರಿನಷ್ಟು ನಡಿಗೆ! ಹಾದಿ ಸವೆಸಲು ಆತನು ಮನಸ್ಸಿನಲ್ಲಿಯೇ ಒಂದು ಅರಮನೆ ಕಟ್ಟುತ್ತಿದ್ದನು. ಹಾಗೆ ಕನಸು ಕಾಣುವವರು ನಮ್ಮ ತರಗತಿಯಲ್ಲಿಯೂ ಇಲ್ಲದಿಲ್ಲ.

1879ರಲ್ಲಿ, ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಆತನು ಹಾದಿಯ ಕಲ್ಲೊಂದನ್ನು ಎಡವಿದನು. ಅದರ ಆಕಾರ ವಿಚಿತ್ರವಾಗಿದ್ದುದರಿಂದ ಜೇಬಿಗೆ ಹಾಕಿಕೊಂಡನು. ಮರುದಿನ ಅದಕ್ಕಿಂತ ಚೆಲುವಾದ ಕಲ್ಲುಗಳು ಸಿಕ್ಕಿದವು. ಜೇಬು ಸಾಲದೆ ಬುಟ್ಟಿ ಬಂದಿತು, ಬುಟ್ಟಿ ಸಾಲದೆ ಒಂಟಿಗಾಲಿಯ ಕೈಗಾಡಿ ಬಂದಿತು. ಹಗಲು ಕಾಗದ ಹಂಚಿ, ರಾತ್ರಿ ದೀಪದ ಬೆಳಕಿನಲ್ಲಿ ಸುಣ್ಣ, ಗಾರೆ, ಸಿಮೆಂಟು ಕಲಸುತ್ತಿದ್ದ ಈತನನ್ನು ನೆರೆಹೊರೆಯವರು ಹುಚ್ಚನೆಂದರು. ಗಾರೆಕೆಲಸವನ್ನು ಆತನಿಗೆ ಯಾರೂ ಕಲಿಸಿರಲಿಲ್ಲ.

ಅರಮನೆಯ ಗೋಡೆಗಳಲ್ಲಿ ಇಡೀ ಜಗತ್ತೇ ನೆರೆದಿದೆ. ಒಂದು ಕಡೆ ಸೀಸರ್, ಆರ್ಕಿಮಿಡೀಸ್, ಗಾಲ್ ಜನರ ನಾಯಕ ವೆರ್ಸಿಂಜೆಟೊರಿಕ್ಸ್ ಎಂಬ ಮೂವರು ದೈತ್ಯರು ನಿಂತಿದ್ದಾರೆ. ಇನ್ನೊಂದು ಕಡೆ ಹಿಂದೂ ದೇವಾಲಯ, ಮಸೀದಿ, ಸ್ವಿಸ್ ಮನೆ, ಮಧ್ಯಯುಗದ ಕೋಟೆ ಒಂದೇ ಸಾಲಿನಲ್ಲಿವೆ. ಭಾರತವನ್ನು ಆತನು ಕಣ್ಣಾರೆ ಕಂಡವನಲ್ಲ. ಸಚಿತ್ರ ಪತ್ರಿಕೆಗಳಲ್ಲಿಯೂ ಚಿತ್ರದ ಕಾರ್ಡುಗಳಲ್ಲಿಯೂ ಕಂಡುದೇ ಆತನ ದೇಶಸಂಚಾರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಜಗತ್ತು ನನಗೂ ಮೊದಲು ಬಂದುದು ಅಚ್ಚಾದ ಹಾಳೆಯ ಮೇಲೆಯೇ. ಆದುದರಿಂದ ಈ ದೇವಾಲಯದ ಶಿಖರ ಶಾಸ್ತ್ರಕ್ಕೆ ಹೊಂದುವುದೇ ಎಂದು ಕೇಳಲು ನನಗೆ ಮನಸ್ಸು ಬಾರದು.

1894ರಲ್ಲಿ ಹದಿನೈದು ವರ್ಷದ ಮಗಳು ಆಲೀಸ್ ತೀರಿಕೊಂಡಳು. ಅರಮನೆಯ ಪಕ್ಕದಲ್ಲಿ ತಾನು ಕಟ್ಟಿದ ಮನೆಗೆ ಶೆವಾಲನು ಅವಳ ಹೆಸರನ್ನೇ ಇಟ್ಟನು. 1896ರಲ್ಲಿ ನಿವೃತ್ತನಾದ ಮೇಲೂ ಕೆಲಸ ನಿಲ್ಲಲಿಲ್ಲ. 1912ರಲ್ಲಿ ಅರಮನೆ ಪೂರ್ಣವಾಯಿತು: ಉದ್ದ 26 ಮೀಟರು, ಅಗಲ 14 ಮೀಟರು. ಮೂವತ್ತಮೂರು ವರ್ಷಗಳಲ್ಲಿ 93,000 ಗಂಟೆಗಳ ದುಡಿಮೆ ಎಂದು ಆತನೇ ಲೆಕ್ಕ ಬರೆದಿಟ್ಟನು. ಅದೇ ವರ್ಷ ಮಗ ಸಿರಿಲ್ ಕಣ್ಮುಚ್ಚಿದನು, 1914ರಲ್ಲಿ ಹೆಂಡತಿಯೂ ಹೋದಳು.

ತನ್ನ ಅರಮನೆಯೊಳಗೇ ಮಣ್ಣಾಗಬೇಕೆಂಬುದು ಆತನ ಆಸೆಯಾಗಿತ್ತು. ಅದಕ್ಕೆ ಅನುಮತಿ ದೊರೆಯಲಿಲ್ಲ. ಎಪ್ಪತ್ತೆಂಟರ ಮುದುಕನು ಮತ್ತೆ ಕಲ್ಲು ಹೊತ್ತು, ಊರಿನ ಸ್ಮಶಾನದಲ್ಲಿ ಎಂಟು ವರ್ಷ ದುಡಿದು, 1922ರಲ್ಲಿ ತನ್ನ ಸಮಾಧಿಯನ್ನು ತಾನೇ ಕಟ್ಟಿ ಮುಗಿಸಿದನು. 1924ರ ಆಗಸ್ಟ್ 19ರಂದು ಪ್ರಾಣಬಿಟ್ಟನು.

ಮುಂದೆ ಆಂದ್ರೆ ಬ್ರೆತಾನ್ ಮೊದಲಾದ ಅತಿವಾಸ್ತವವಾದಿಗಳು ಆತನನ್ನು ಕೊಂಡಾಡಿದರು. 1969ರಲ್ಲಿ ಸಂಸ್ಕೃತಿ ಸಚಿವರಾಗಿದ್ದ ಆಂದ್ರೆ ಮಾಲ್ರೋ, ತಮ್ಮ ಇಲಾಖೆಯವರ ಆಕ್ಷೇಪವನ್ನೂ ಲೆಕ್ಕಿಸದೆ, ಆ ಕಟ್ಟಡವನ್ನು ರಾಷ್ಟ್ರದ ಐತಿಹಾಸಿಕ ಸ್ಮಾರಕಗಳಿಗೆ ಸೇರಿಸಿದರು. ಅರಮನೆಯೊಳಗೆ ಶೆವಾಲನಿಗೆ ಜಾಗ ಸಿಗಲಿಲ್ಲವಾದರೂ, ಕಲ್ಲು ಹೊತ್ತ ಆ ಕೈಗಾಡಿಗೆ ಆತನೇ ಒಂದು ಗೂಡು ಕಟ್ಟಿ, ಅದರಲ್ಲಿ ನಿಲ್ಲಿಸಿ ಹೋಗಿದ್ದನು.