ಹಸುರು ದೈತ್ಯನ ಒಡೆಯ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಒಬ್ಬಿಬ್ಬರು ಮಹಾಪುರುಷರ ಚರಿತ್ರೆಗಳು ಬರುವುದು ವಾಡಿಕೆ. ರಾಜರು, ಸಂತರು, ದೇಶಭಕ್ತರು ಇವರನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲ ಮಿತ್ರರು ಹಲವರಿದ್ದಾರೆ. ನಾನು ಆರಿಸಿಕೊಂಡಿರುವವನು ಇವರಾರ ಸಾಲಿಗೂ ಸೇರಿದವನಲ್ಲ. ಅವನೊಬ್ಬ ಗಿರಣಿಯವನ ಮಗ. ಗುಜರಿ ಸಾಮಾನಿನಿಂದ ಕಾರು ಕಟ್ಟಿ, ಒಂದು ಕಾಲದಲ್ಲಿ ಭೂಮಿಯ ಮೇಲೆ ಎಲ್ಲರಿಗಿಂತ ವೇಗವಾಗಿ ಓಡಿದವನು. ಅಮೆರಿಕಾ ದೇಶದ ಆರ್ಟ್ ಆರ್ಫನ್ಸ್ ಎಂದು ಅವನ ಹೆಸರು. 2007ರಲ್ಲಿ ಅವನು ತೀರಿಕೊಂಡಾಗ ನಾನಿನ್ನೂ ತೊಟ್ಟಿಲಿನ ಕೂಸು.

ಈ ಹೆಸರನ್ನು ನನಗೆ ತಿಳಿಸಿದ್ದು ಪುಸ್ತಕವಲ್ಲ, ನನ್ನ ಅಣ್ಣ. ಅವನು ಗ್ಯಾರೇಜಿನಲ್ಲಿ ಕೆಲಸ ಮಾಡುವನು. ಕೆಟ್ಟುಹೋದ ಬೈಕಿನ ಎಂಜಿನ್ನು, ಸ್ಕೂಟರಿನ ಎರಡು ಚಕ್ರ, ಯಾವುದೋ ಮಂಚದ ಕಬ್ಬಿಣದ ಪಟ್ಟಿ ಇಷ್ಟನ್ನು ಸೇರಿಸಿ ನಮ್ಮ ಹೊಲದಲ್ಲಿ ಕಳೆ ತೆಗೆಯುವ ಯಂತ್ರವೊಂದನ್ನು ಮಾಡಿದ್ದಾನೆ. ಒಂದು ರಾತ್ರಿ ಮೊಬೈಲಿನಲ್ಲಿ ಹಳೆಯ ಚಿತ್ರವೊಂದನ್ನು ತೋರಿಸಿ, ಈ ಮನುಷ್ಯನ ವಿಷಯ ಇಂಗ್ಲಿಷಿನಲ್ಲಿದೆ, ಓದಿ ಹೇಳು ಎಂದನು. ಹೀಗೆ ಆರಂಭವಾಯಿತು.

ಆರ್ಟ್ ಆರ್ಫನ್ಸನು 1926ರ ಫೆಬ್ರವರಿ 3ರಂದು ಜನಿಸಿದನು. ಬೆಳೆದುದು ಒಹಾಯೋ ಪ್ರಾಂತದ ಆಕ್ರಾನ್ ನಗರದಲ್ಲಿ. ಗುಡ್‌ಇಯರ್, ಫೈರ್‌ಸ್ಟೋನ್ ಎಂಬ ಎರಡು ದೊಡ್ಡ ಟಯರು ಕಂಪನಿಗಳು ಹುಟ್ಟಿದ ಊರು ಅದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಕೆಲಸಕ್ಕೆ ಬರುವುದು. ಊರಂಚಿನ ಪಿಕಲ್ ರಸ್ತೆಯಲ್ಲಿ ಅವರ ಮನೆಯವರದು ದನಕರುಗಳ ಆಹಾರಕ್ಕೆ ಕಾಳು ಅರೆಯುವ ಗಿರಣಿ. ಗಿರಣಿ ಇದ್ದ ಮನೆಯ ಹುಡುಗನಿಗೆ ಯಂತ್ರದ ಭಯವಿರುವುದಿಲ್ಲ. ಬೆಲ್ಟು ಹರಿದರೆ, ಬೇರಿಂಗು ಸವೆದರೆ, ಪೇಟೆಯಿಂದ ಯಾರೋ ಬರುವವರೆಗೆ ಕಾಯಲು ಆಗುವುದಿಲ್ಲವಷ್ಟೆ. ನನ್ನ ತಂದೆಯವರೂ ಹಿಟ್ಟಿನ ಗಿರಣಿಯೊಂದರಲ್ಲಿ ದುಡಿದವರಾದ್ದರಿಂದ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ಎರಡನೆಯ ಮಹಾಯುದ್ಧದಲ್ಲಿ ಆರ್ಟನು ನೌಕಾದಳವನ್ನು ಸೇರಿ ಡೀಸೆಲ್ ಎಂಜಿನ್ನುಗಳ ಕೆಲಸ ಕಲಿತನು. ಯುದ್ಧ ಮುಗಿದ ಮೇಲೆ ಮರಳಿ ಗಿರಣಿಗೇ ಬಂದನು.

ಅವನಿಗೆ ವಾಲ್ಟ್ ಎಂಬ ಅಣ್ಣನಿದ್ದನು. ತಾಯಿ ಒಬ್ಬಳೇ, ತಂದೆ ಬೇರೆ. ವಯಸ್ಸಿನಲ್ಲಿ ಸುಮಾರು ಹತ್ತು ವರ್ಷದ ಅಂತರ. 1952ರಲ್ಲಿ ಊರಿನ ವಿಮಾನನಿಲ್ದಾಣದಲ್ಲಿ ನಡೆದ ಡ್ರಾಗ್ ರೇಸು ಇಬ್ಬರಿಗೂ ಹುಚ್ಚು ಹಿಡಿಸಿತು. ಈ ಪಂದ್ಯದ ಕ್ರಮ ಬಹಳ ಸರಳ. ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಶ್ಚಲವಾಗಿ ನಿಂತು, ಸೂಚನೆ ಸಿಕ್ಕೊಡನೆ ಕಾಲು ಮೈಲಿ, ಅಂದರೆ ಸುಮಾರು 402 ಮೀಟರು, ನೆಟ್ಟಗೆ ಓಡುವುವು. ತಿರುವಿಲ್ಲ, ಏರಿಲ್ಲ, ಇಳಿಜಾರಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯುತ್ತದೆ. ಇಂಥ ಪಂದ್ಯಕ್ಕೆ ಕಾರು ಅಂದವಾಗಿರಬೇಕಾಗಿಲ್ಲ, ಮಳೆಗೆ ಮುಚ್ಚಿಗೆ ಬೇಕಿಲ್ಲ, ನೂರು ಮೈಲಿ ಬಾಳಿಕೆ ಬರಬೇಕೆಂಬುದೂ ಇಲ್ಲ. ಆದುದರಿಂದಲೇ ಇದು ಬಡವನ ಕೈಗೂ ಎಟುಕಿತು.

ಸೋದರರು ಕಟ್ಟಿದ ಮೊದಲನೆಯ ಕಾರಿಗೆ ಮೂರೇ ಚಕ್ರ. ಎಂಜಿನ್ನು ಓಲ್ಡ್ಸ್‌ಮೊಬೈಲ್ ಕಾರಿನ ಆರು ಸಿಲಿಂಡರಿನದು. ಬಣ್ಣಕ್ಕೆಂದು ಖರ್ಚು ಮಾಡದೆ, ಮನೆಯಲ್ಲಿದ್ದ ಟ್ರಾಕ್ಟರಿನ ಹಸುರು ಬಣ್ಣವನ್ನೇ ಬಳಿದರು. ಅದು ಮೈದಾನಕ್ಕೆ ಬಂದಾಗ ಧ್ವನಿವರ್ಧಕದಲ್ಲಿ ಪಂದ್ಯದ ವಿವರ ಹೇಳುತ್ತಿದ್ದವನು ನಗೆ ತಡೆಯಲಾರದೆ ಹಸುರು ದೈತ್ಯ ಎಂಬರ್ಥದಲ್ಲಿ ‘ಗ್ರೀನ್ ಮಾನ್‌ಸ್ಟರ್’ ಎಂದು ಕೂಗಿಬಿಟ್ಟನು. ಹಾಸ್ಯಕ್ಕೆ ಇಟ್ಟ ಹೆಸರನ್ನು ಆರ್ಟನು ಕೊನೆಯವರೆಗೂ ಬಿಡಲಿಲ್ಲ. ಮುಂದೆ ಅವನು ಕಟ್ಟಿದ ಒಂದೊಂದು ಕಾರಿಗೂ ಅದೇ ಹೆಸರಾಯಿತು.

ಯುದ್ಧ ಮುಗಿದ ಮೇಲೆ ಸರಕಾರದ ಬಳಿ ಮಿಕ್ಕ ಸಾಮಾನು ರಾಶಿರಾಶಿಯಾಗಿ ಅಗ್ಗದ ಬೆಲೆಗೆ ಮಾರಾಟವಾಗುತ್ತಿತ್ತು. ಅದರಲ್ಲಿ ಯುದ್ಧವಿಮಾನಗಳ ಆಲಿಸನ್ ಎಂಜಿನ್ನುಗಳೂ ಇದ್ದವು: ಹನ್ನೆರಡು ಸಿಲಿಂಡರು, ಸುಮಾರು 28 ಲೀಟರಿನ ಗಾತ್ರ, ಸಾವಿರ ಕುದುರೆಗಳಿಗೂ ಮಿಕ್ಕ ಶಕ್ತಿ. ಇತರರು ಕಾರಿನ ಎಂಜಿನ್ನುಗಳನ್ನು ತಿದ್ದಿ ತೀಡಿ ಶಕ್ತಿ ಹೆಚ್ಚಿಸಲು ಹಣ ಸುರಿಯುತ್ತಿದ್ದಾಗ ಈ ಸೋದರರು ವಿಮಾನದ ಎಂಜಿನ್ನನ್ನೇ ತಂದು ಚಾಸಿಯ ಮೇಲೆ ಕೂರಿಸಿದರು. ಕಾಲು ಮೈಲಿಯ ತುದಿಯಲ್ಲಿ ಅವರ ಕಾರು ಗಂಟೆಗೆ 150 ಮೈಲಿಯ ವೇಗವನ್ನು ದಾಟಿತು. ನಕ್ಕವರೇ ಈಗ ಹಣ ಕೊಟ್ಟು ಅವರನ್ನು ಪಂದ್ಯಗಳಿಗೆ ಕರೆಸತೊಡಗಿದರು. ಪಂದ್ಯಗಳ ದೊಡ್ಡ ಸಂಘವು ಮಾತ್ರ ಕ್ರಮೇಣ ವಿಮಾನದ ಎಂಜಿನ್ನುಗಳಿಗೆ ಬಾಗಿಲು ಮುಚ್ಚಿತು.

ಸುಮಾರು 1960ರ ವೇಳೆಗೆ ಸೋದರರು ಬೇರೆಯಾದರು. ಪಿಕಲ್ ರಸ್ತೆಯಲ್ಲಿ ಇಬ್ಬರ ಕಾರ್ಯಾಗಾರಗಳೂ ಅಕ್ಕಪಕ್ಕದಲ್ಲಿಯೇ ಉಳಿದವು. ಮಾತು ಮಾತ್ರ ನಿಂತುಹೋಯಿತು. ಒಬ್ಬನ ವೆಲ್ಡಿಂಗಿನ ಬೆಳಕು ಇನ್ನೊಬ್ಬನಿಗೆ ಕಾಣುವಷ್ಟು ಸಮೀಪದಲ್ಲಿ ಇಬ್ಬರೂ ತಮ್ಮ ತಮ್ಮ ಜೆಟ್ ಕಾರುಗಳನ್ನು ಕಟ್ಟಿದರು. ಈ ಭಾಗವನ್ನು ಅಣ್ಣನಿಗೆ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಕಾರಣವನ್ನು ಮುಚ್ಚಿಡುವುದಿಲ್ಲ. ನಾನು ಮೊದಲ ವರ್ಷದಲ್ಲಿದ್ದಾಗ ಒಂದು ದಿನ ಅವನು ನನ್ನ ಫೀಜಿನ ಹಣ ಹಿಡಿದುಕೊಂಡು ಗ್ಯಾರೇಜಿನಿಂದ ನೇರವಾಗಿ, ಎಣ್ಣೆ ಮೆತ್ತಿದ ಬಟ್ಟೆಯಲ್ಲಿಯೇ, ಕಾಲೇಜಿಗೆ ಬಂದನು. ಜೊತೆಯವರು ಯಾರೆಂದು ಕೇಳಿದರು. ನಮ್ಮ ಊರಿನವರು ಎಂದೆನು. ಅದು ಅವನಿಗೆ ಕೇಳಿಸಿತು. ಹಣವನ್ನು ಕೈಗಿಟ್ಟು ಹೋದವನು ನಾಲ್ಕು ತಿಂಗಳು ನನ್ನೊಡನೆ ಮಾತನಾಡಲಿಲ್ಲ. ಒಂದೇ ಮನೆ, ಒಂದೇ ಒಲೆ, ಅವ್ವನ ಬಾಯಿಂದಲೇ ಇಬ್ಬರ ಮಾತೂ ದಾಟಬೇಕಾಗಿತ್ತು.

ಇನ್ನು ಆರ್ಟನ ಜೆಟ್ ಕಾರಿನ ವಿಷಯ. ಎಫ್-104 ಎಂಬ ಯುದ್ಧವಿಮಾನಕ್ಕೆ ಹಾಕುತ್ತಿದ್ದ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಜೆ-79 ಎಂಬ ಎಂಜಿನ್ನೊಂದು ಗುಜರಿ ವ್ಯಾಪಾರಿಯ ಬಳಿ ಇರುವುದು ಅವನಿಗೆ ತಿಳಿಯಿತು. ಯಾವುದೋ ವಸ್ತು ಒಳಗೆ ಸೇರಿ ಅದರ ಅಲಗುಗಳು ಡೊಂಕಾಗಿದ್ದವು. ಅವನು ಕೊಟ್ಟ ಬೆಲೆ 600 ಡಾಲರ್ ಎಂದು ಹೇಳುವರು. ಸೈನ್ಯದ ಗುಟ್ಟಿನ ಎಂಜಿನ್ನಾದ್ದರಿಂದ ಅದರ ಕೈಪಿಡಿ ಹೊರಗಿನವರಿಗೆ ಸಿಗುವಂತಿರಲಿಲ್ಲ. ಇದು ನಿನ್ನ ಬಳಿ ಇರತಕ್ಕದ್ದಲ್ಲವೆಂದು ಸರಕಾರದ ಕಡೆಯಿಂದಲೂ ಕಂಪನಿಯ ಕಡೆಯಿಂದಲೂ ಆಕ್ಷೇಪಣೆ ಬಂದಿತು. ಗುಜರಿ ಎಂದು ಮಾರಿದ ಮೇಲೆ ಅದು ಕೊಂಡವನ ಸೊತ್ತು, ಅವನು ಬಿಟ್ಟುಕೊಡಲಿಲ್ಲ.

ಕೈಪಿಡಿಯಿಲ್ಲದೆ, ಪದವಿಯಿಲ್ಲದೆ, ಅವನು ಅದನ್ನು ಬಿಚ್ಚಿದನು. ಆ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ಹಿಂದಕ್ಕೆ ತಳ್ಳಲು ಹದಿನೇಳು ಸಾಲು ಅಲಗುಗಳಿವೆ. ಕೆಟ್ಟ ಅಲಗನ್ನು ಕಿತ್ತುಹಾಕಿದರೆ ಸಾಲದು, ತೂಕ ಒಂದು ಕಡೆಗೆ ವಾಲದಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಅಷ್ಟು ರಭಸದಲ್ಲಿ ತಿರುಗುವ ಚಕ್ರ ತನ್ನನ್ನು ತಾನೇ ಚೂರುಚೂರು ಮಾಡಿಕೊಳ್ಳುವುದು. ಗಿರಣಿಯ ಕಲ್ಲನ್ನು ಸಮತೂಕಕ್ಕೆ ತರುವವನಿಗೆ ಈ ತತ್ತ್ವ ಹೊಸದಲ್ಲ. ಸರಿಪಡಿಸಿದ ಎಂಜಿನ್ನನ್ನು ಹಿತ್ತಿಲಿನ ಮರಗಳಿಗೆ ಕಟ್ಟಿ ಹೊತ್ತಿಸಿ ನೋಡಿದನು. ನೆರೆಯವರ ಕಿವಿಗಳ ಗತಿಯೇನಾಯಿತೋ ದೇವರೇ ಬಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಣ್ಣನೇ ನನಗೆ ಬಿಡಿಸಿ ಹೇಳಿದ್ದು. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಮುಟ್ಟಬೇಕಾದರೆ ಕ್ಲಚ್ಚು, ಗೇರ್‌ಬಾಕ್ಸು, ಹಿಂದಿನ ಆಕ್ಸೆಲ್ಲು ಎಲ್ಲವೂ ಬೇಕು. ಸಾವಿರಾರು ಕುದುರೆಗಳ ಶಕ್ತಿಯನ್ನು ತಡೆಯುವಂಥ ಅಂಗಗಳನ್ನು ಮಾಡಿಸುವುದಕ್ಕೇ ಹಣ ಕರಗಿಹೋಗುವುದು. ಜೆಟ್ ಎಂಜಿನ್ನಾದರೋ ಗಾಳಿಯನ್ನು ಹಿಂದಕ್ಕೆ ಒದ್ದು ಇಡೀ ಕಾರನ್ನೇ ಮುಂದಕ್ಕೆ ನೂಕುತ್ತದೆ. ಚಕ್ರದ ಕೆಲಸ ಸುಮ್ಮನೆ ಉರುಳುವುದು ಮಾತ್ರ. ಆದ್ದರಿಂದಲೇ ಹಳೆಯ ಫೋರ್ಡ್ ಲಾರಿಯೊಂದರ ಮುಂದಿನ ಆಕ್ಸೆಲ್ಲು ಜಗತ್ತಿನ ಅತಿವೇಗದ ಕಾರಿಗೆ ಸಾಕಾಯಿತು. ಎಲ್ಲಿ ಉಳಿಸಬಹುದು ಎಂಬುದನ್ನು ಆರ್ಟನು ಬಲ್ಲವನಾಗಿದ್ದನು. ಟಯರನ್ನು ಮಾತ್ರ ಗುಜರಿಯಲ್ಲಿ ಹುಡುಕುವಂತಿರಲಿಲ್ಲ. ಅವನ್ನು ಫೈರ್‌ಸ್ಟೋನ್ ಕಂಪನಿ ಒದಗಿಸಿತು. ವಾಲ್ಟನಿಗೆ ಗುಡ್‌ಇಯರಿನ ಬೆಂಬಲ. ಒಂದೇ ಊರಿನ ಎರಡು ಕಂಪನಿಗಳು ಒಂದೇ ತಾಯಿಯ ಇಬ್ಬರು ಮಕ್ಕಳ ಹಿಂದೆ ನಿಂತವು.

1964ರ ಅಕ್ಟೋಬರ್ ತಿಂಗಳು. ಯೂಟಾ ಪ್ರಾಂತದ ಬಾನ್‌ವಿಲ್ ಎಂಬಲ್ಲಿ ಮೈಲಿಗಟ್ಟಲೆ ಸಮತಟ್ಟಾದ ಉಪ್ಪಿನ ಬಯಲಿದೆ. ಭೂವೇಗದ ದಾಖಲೆಗಳಿಗೆ ಅದೇ ರಂಗಸ್ಥಳ. ಒಂದು ಗಂಟೆಯೊಳಗೆ ಹೋಗಿಬರುವ ಎರಡು ಓಟಗಳ ಸರಾಸರಿಯನ್ನು ದಾಖಲೆಯಾಗಿ ಹಿಡಿಯುವರು. 2ರಂದು ವಾಲ್ಟನ ಕಾರನ್ನು ಟಾಮ್ ಗ್ರೀನ್ ಎಂಬವನು ಗಂಟೆಗೆ 413.20 ಮೈಲಿ ಓಡಿಸಿ ಲೋಕದಾಖಲೆ ಸ್ಥಾಪಿಸಿದನು. ಮೂರೇ ದಿನ! 5ರಂದು ಆರ್ಟನು 434.02 ಮೈಲಿ ಓಡಿ ಅಣ್ಣನ ಕಾರಿನ ದಾಖಲೆಯನ್ನು ಅಳಿಸಿದನು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಕ್ರೇಗ್ ಬ್ರೀಡ್‌ಲವ್ ಬಂದು 13ರಂದು 468.72, 15ರಂದು 526.28 ಮೈಲಿ ಓಡಿದನು. ಎರಡನೆಯ ಸಲ ಅವನ ಕಾರು ನಿಲ್ಲಲಾರದೆ ಉಪ್ಪುನೀರಿನ ಮಡುವಿಗೆ ಬಿದ್ದಿತು. ಅವನು ಈಜಿ ದಡ ಸೇರಿದನು. 27ರಂದು ಆರ್ಟನು 536.71 ಮೈಲಿಯೊಡನೆ ದಾಖಲೆಯನ್ನು ಮರಳಿ ಪಡೆದನು. ಮರುವರ್ಷ ನವೆಂಬರಿನಲ್ಲಿ ಬ್ರೀಡ್‌ಲವ್ 555 ಮೈಲಿ ದಾಟಿದರೆ, 7ರಂದು ಆರ್ಟನು 576.55 ಮೈಲಿ ತಲಪಿದನು. ಆ ಓಟದಲ್ಲಿ ಹಿಂದಿನ ಟಯರೊಂದು ಸಿಡಿದಿತ್ತು. ಇದೂ ಎಂಟು ದಿನ ಮಾತ್ರ ನಿಂತಿತು. 15ರಂದು ಬ್ರೀಡ್‌ಲವ್ 600 ಮೈಲಿಯನ್ನು ಮೀರಿದನು.

ಅದನ್ನು ಮುರಿಯಲು 1966ರ ನವೆಂಬರ್ 17ರಂದು ಆರ್ಟನು ಹೊರಟಾಗ, 600 ಮೈಲಿಯ ಆಸುಪಾಸಿನ ವೇಗದಲ್ಲಿ ಚಕ್ರದ ಬೇರಿಂಗೊಂದು ಹಿಡಿದುಕೊಂಡಿತು. ಹಸುರು ದೈತ್ಯನು ಉಪ್ಪಿನ ಮೇಲೆ ಉರುಳುರುಳಿ ತುಂಡುತುಂಡಾದನು. ಒಳಗಿದ್ದವನು ಬದುಕಿ ಬಂದನು. ಇದನ್ನು ಪವಾಡವೆನ್ನುವವರುಂಟು. ಅಣ್ಣನು ಹಾಗೆನ್ನಲಿಲ್ಲ, ಕೂತುಕೊಳ್ಳುವ ಜಾಗದ ಸುತ್ತಲಿನ ಪಂಜರವನ್ನು ಅವನು ಗಟ್ಟಿಯಾಗಿ ಕಟ್ಟಿರಬೇಕು ಎಂದನು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ನನಗೂ ಹಿತವಾಗಿರುತ್ತಿತ್ತು. ಆದರೆ 1971 ಎಂಬ ವರ್ಷವೊಂದಿದೆ. ಆರ್ಟನು ಇಬ್ಬರು ಕುಳಿತುಕೊಳ್ಳಬಹುದಾದ ಜೆಟ್ ಕಾರೊಂದನ್ನು ಕಟ್ಟಿ ಡ್ರಾಗ್ ರೇಸಿನ ಮೈದಾನಗಳಿಗೆ ಒಯ್ಯುತ್ತಿದ್ದನು. ಆ ವರ್ಷದ ಅಕ್ಟೋಬರಿನಲ್ಲಿ, ಟೆಕ್ಸಾಸಿನ ಡಲ್ಲಾಸಿನಲ್ಲಿ, ಒಬ್ಬ ವರದಿಗಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿದಾಗ ಕಾರು ಅಪಘಾತಕ್ಕೆ ಸಿಕ್ಕಿತು. ಆ ವರದಿಗಾರನೂ ಮೈದಾನದ ಇಬ್ಬರು ಕೆಲಸಗಾರರೂ ಸತ್ತರು. ಆರ್ಟನು ಬದುಕಿದನು. ಉಪ್ಪಿನ ಬಯಲಿನಲ್ಲಿ ಅವನು ಪಣವಾಗಿ ಇಟ್ಟಿದ್ದುದು ತನ್ನ ಒಂದು ಪ್ರಾಣವನ್ನು; ಇಲ್ಲಿ ಹೋದವು ಮೂರು ಬೇರೆ ಪ್ರಾಣಗಳು. 600 ಡಾಲರಿನ ಎಂಜಿನ್ನಿನ ಕಥೆಯನ್ನು ಹಾಸ್ಟೆಲಿನಲ್ಲಿ ಹತ್ತು ಜನರಿಗೆ ಉತ್ಸಾಹದಿಂದ ಹೇಳಿದ್ದ ನಾನು, ಈ ಭಾಗವನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ. ಬಿಟ್ಟು ಬರೆಯೋಣವೆಂದೂ ಯೋಚಿಸಿದೆನು. ಹಾಗೆ ಬರೆದರೆ ಅದು ಚರಿತ್ರೆಯಾಗದೆ ಜಾಹೀರಾತು ಆಗುತ್ತಿತ್ತು.

ಆ ಅಪಘಾತದ ಮೇಲೆ ಅವನು ಜೆಟ್ ಕಾರುಗಳಿಂದ ದೂರ ಸರಿದನು. ಕೈ ಸುಮ್ಮನಿರಬೇಕಲ್ಲ! ಕೆಲವು ವರ್ಷಗಳ ತರುವಾಯ ಟ್ರಾಕ್ಟರಿನಿಂದ ಭಾರ ಎಳೆಯುವ ಪಂದ್ಯಗಳಿಗೆ ಇಳಿದು, ಅಲ್ಲಿಯೂ ವಿಮಾನದ ಟರ್ಬೈನ್ ಎಂಜಿನ್ನನ್ನೇ ಟ್ರಾಕ್ಟರಿಗೆ ಕೂರಿಸಿದನು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಎತ್ತುಗಳಿಂದ ಕಲ್ಲು ಎಳೆಸುವ ಪಂದ್ಯವನ್ನು ಕಂಡವರಿಗೆ ಅದರ ಸ್ವರೂಪ ತಿಳಿಯುವುದು ಕಷ್ಟವಲ್ಲ. ಎಳೆದಷ್ಟೂ ಬಂಡಿಯ ಭಾರ ಮುಂದೆ ಸರಿದು ಹೆಚ್ಚು ಒತ್ತುವಂತೆ ಮಾಡಿರುವುದೊಂದೇ ವ್ಯತ್ಯಾಸ. ಇಲ್ಲಿ ಮಗನೂ ಮಗಳೂ ಅವನ ಜೊತೆಗೂಡಿದರು. ಅರವತ್ತು ದಾಟಿದ ಮೇಲೆ ಒಂದು ಹಗುರವಾದ ಹೊಸ ಗಾಡಿ ಕಟ್ಟಿಕೊಂಡು ಬಾನ್‌ವಿಲ್ಲಿಗೆ ಮತ್ತೆ ಹೋದನು, ದಾಖಲೆ ಸಿಗಲಿಲ್ಲ.

2007ರ ಡಿಸೆಂಬರ್ 3ರಂದು, 81ನೆಯ ವಯಸ್ಸಿನಲ್ಲಿ, ಆರ್ಟ್ ಆರ್ಫನ್ಸನು ತೀರಿಕೊಂಡನು. ವಾಲ್ಟನು ಅವನಿಗಿಂತ ಐದಾರು ವರ್ಷ ಹೆಚ್ಚು ಬದುಕಿದ್ದನು. ಆರ್ಟನನ್ನು ಮಣ್ಣುಮಾಡುವಾಗ ಪೆಟ್ಟಿಗೆಯಲ್ಲಿ ಅವನ ಸ್ಪಾನರುಗಳನ್ನೂ ಬಾನ್‌ವಿಲ್ಲಿನ ಉಪ್ಪು ತುಂಬಿದ ಒಂದು ಜಾಡಿಯನ್ನೂ ಇಟ್ಟರು.

ಇದನ್ನೆಲ್ಲ ಕಳೆದ ತಿಂಗಳು ಗ್ಯಾರೇಜಿನಲ್ಲಿಯೇ ಕುಳಿತು ಅಣ್ಣನಿಗೆ ಓದಿ ಹೇಳಿದೆನು. ಅವನು ಒಂದು ಆಟೋದ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದನು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೈಯೊಂದು ಹೊರಗೆ ಬಂದಿತು. ಹನ್ನೆರಡು-ಹದಿಮೂರರ ಸ್ಪಾನರು ಕೊಡು ಎಂದನು. ಕೊಟ್ಟೆನು.