ಕಡಲ ಕಳೆಯ ಬೂದಿಯಲ್ಲಿ ಅಯೋಡಿನ್ ಕಂಡವನು: ಬರ್ನಾರ್ ಕೂರ್ತ್ವಾ

ಬೂದಿಯೆಂದರೆ ಮುಗಿದುಹೋದ ವಸ್ತುವೆಂದು ನಮ್ಮ ಭಾವನೆ. ಸೌದೆ ಉರಿದು, ಅನ್ನ ಬೆಂದ ಮೇಲೆ ಒಲೆಯಲ್ಲಿ ಉಳಿಯುವುದು ಅದು. ಆದರೂ ನಮ್ಮ ಹಿರಿಯರು ಅದನ್ನು ಸುಮ್ಮನೆ ಎಸೆಯಲಿಲ್ಲ. ಪಾತ್ರೆ ಬೆಳಗುವುದಕ್ಕೆ, ಕಾಳಿಗೆ ಹುಳು ಹತ್ತದಂತೆ ಬೆರೆಸುವುದಕ್ಕೆ, ತಿಪ್ಪೆಯಲ್ಲಿ ಸೇರಿಸಿ ಹೊಲಕ್ಕೆ ಹಾಕುವುದಕ್ಕೆ ಅವರಿಗೆ ಬೂದಿ ಬೇಕಾಗಿತ್ತು. ಬೂದಿಗೆ ಜಿಡ್ಡು ತೆಗೆಯುವ ಶಕ್ತಿ ಬರುವುದು ಅದರಲ್ಲಿರುವ ಕ್ಷಾರದಿಂದ. ಮಡಿವಾಳರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳು ಮಣ್ಣಿನ ಗುಣವೂ ಅದೇ. ಸೌದೆಯ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚು. ಕಡಲ ಕಳೆಯನ್ನು ಸುಟ್ಟ ಬೂದಿಯಲ್ಲಿ ಸೋಡ, ಪೊಟ್ಯಾಷ್ ಎರಡೂ ಉಂಟು.

ಚಾಮರಾಜನಗರ, ಗುಂಡ್ಲುಪೇಟೆಗಳ ನಮಗೆ ಕಡಲು ದೂರ. ಬಿಳಿಗಿರಿರಂಗನ ಬೆಟ್ಟದ ಮೇಲೆ ನಿಂತರೂ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತರೂ ಕಾಣುವುದು ಕಾಡು ಮತ್ತು ಹೊಲ. ಆದರೆ ಕಡಲ ಕಳೆಯ ಬೂದಿಯಲ್ಲಿ ಮೊಟ್ಟಮೊದಲು ಮನುಷ್ಯನ ಕಣ್ಣಿಗೆ ಬಿದ್ದ ಒಂದು ವಸ್ತು ಈಗ ದಿನವೂ ನಮ್ಮ ಊಟದ ಎಲೆಯ ಮೇಲಿನ ಉಪ್ಪಿನಲ್ಲಿ ಸೇರಿ ಬರುತ್ತಿದೆ. ಅದೇ ಅಯೋಡಿನ್. ಅದನ್ನು ಕಂಡವನು ಬರ್ನಾರ್ ಕೂರ್ತ್ವಾ ಎಂಬ ಫ್ರಾನ್ಸ್ ದೇಶದ ಪೆಟ್ಲುಪ್ಪಿನ ತಯಾರಕ. ಕಲಾ ಕಾಲೇಜಿನ ಸಂಚಿಕೆಯಲ್ಲಿ ರಸಾಯನದ ಮಾತೇಕೆಂದು ಕೆಲವರು ಕೇಳಬಹುದು. ಈತನ ಬಾಳಿನಲ್ಲಿ ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಯುದ್ಧವಿದೆ, ವ್ಯಾಪಾರವಿದೆ, ಸಾಲವಿದೆ. ಚರಿತ್ರೆ ಮತ್ತು ಅರ್ಥಶಾಸ್ತ್ರ ಓದುವವರು ತಿಳಿಯಬೇಕಾದ ಬಾಳು ಅದು.

ಕೂರ್ತ್ವಾ 1777ನೆಯ ಇಸವಿ ಫೆಬ್ರವರಿ 8ರಂದು ಫ್ರಾನ್ಸಿನ ದಿಜೋನ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆ ಜಾನ್ ಬಾಪ್ಟಿಸ್ಟ್ ಕೂರ್ತ್ವಾ, ಆ ಊರಿನ ವಿದ್ವತ್ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಗೀತೋನ್ ದ ಮಾರ್ವೋ ಎಂಬ ಹೆಸರಾಂತ ರಸಾಯನಜ್ಞನ ಸಹಾಯಕನಾಗಿದ್ದನು. 1787ರಲ್ಲಿ ಲವಾಸಿಯೇ ಮುಂತಾದವರೊಡನೆ ಸೇರಿ ರಸಾಯನ ವಸ್ತುಗಳಿಗೆ ಹೊಸ ಹೆಸರುಗಳ ಕ್ರಮವನ್ನು ತಂದವನು ಈ ಗೀತೋನ್. ತಂದೆ ಪೆಟ್ಲುಪ್ಪು ತಯಾರಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದುದರಿಂದ ಹುಡುಗನು ಒಂದು ಕಡೆ ಶಾಸ್ತ್ರವನ್ನೂ ಇನ್ನೊಂದು ಕಡೆ ಕಸುಬನ್ನೂ ನೋಡುತ್ತ ಬೆಳೆದನು.

ಪೆಟ್ಲುಪ್ಪಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ತೋಪಿನ ಮದ್ದಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಇರುವುದು ಪೆಟ್ಲುಪ್ಪೇ. ಉಳಿದದ್ದು ಗಂಧಕ ಮತ್ತು ಇದ್ದಲು. ಹಳೆಯ ಗೋಡೆಯ ಮಣ್ಣು, ಕೊಟ್ಟಿಗೆಯ ಗಂಜಲ ಇಂಗಿದ ಮಣ್ಣು, ಗೊಬ್ಬರ ಇವುಗಳನ್ನು ರಾಶಿ ಹಾಕಿ ಬಹುಕಾಲ ಕೊಳೆಸಿ, ನೀರಿನಲ್ಲಿ ಸೋಸಿ, ಆ ನೀರಿಗೆ ಸೌದೆಯ ಬೂದಿಯ ಪೊಟ್ಯಾಷನ್ನು ಬೆರೆಸಿ ಕಾಯಿಸಿದರೆ ಪೆಟ್ಲುಪ್ಪು ಹರಳುಗಟ್ಟುತ್ತದೆ. ಬೂದಿಯಿಲ್ಲದೆ ಪೆಟ್ಲುಪ್ಪಿಲ್ಲ, ಪೆಟ್ಲುಪ್ಪಿಲ್ಲದೆ ಯುದ್ಧವಿಲ್ಲ ಎನ್ನುವಂತಹ ಕಾಲ ಅದು. 1789ರ ಮಹಾಕ್ರಾಂತಿಯ ನಂತರ ಸುತ್ತಲಿನ ರಾಜ್ಯಗಳೆಲ್ಲ ಫ್ರಾನ್ಸಿನ ಮೇಲೆ ಯುದ್ಧಕ್ಕೆ ನಿಂತಾಗ ಅಲ್ಲಿಯ ಪ್ರಜೆಗಳು ತಮ್ಮ ಮನೆಗಳ ನೆಲಮಾಳಿಗೆಯನ್ನು ಅಗೆದು ಮಣ್ಣು ಒದಗಿಸಿದರು.

ಬರ್ನಾರನು ಔಷಧ ತಯಾರಿಕೆಯನ್ನು ಕಲಿಯಲು ಓಸೇರ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಮೂರು ವರ್ಷ ಶಿಷ್ಯವೃತ್ತಿ ಮಾಡಿದನು. ಅಲ್ಲಿಂದ ಪ್ಯಾರಿಸಿನ ಪಾಲಿಟೆಕ್ನಿಕ್ ಶಾಲೆಗೆ ಬಂದು ಫೂರ್ಕ್ರ್ವಾ ಎಂಬ ಆಚಾರ್ಯನ ಕೈಕೆಳಗೆ ಕೆಲಸ ಕಲಿತನು. 1799ರಲ್ಲಿ, ಅಂದರೆ ನಮ್ಮ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ವರ್ಷದಲ್ಲಿ, ಈ ತರುಣನು ಸೈನ್ಯದ ಆಸ್ಪತ್ರೆಗಳಲ್ಲಿ ಔಷಧ ತಯಾರಕನಾಗಿದ್ದನು. 1801ರಲ್ಲಿ ಮತ್ತೆ ಪಾಲಿಟೆಕ್ನಿಕ್‌ಗೆ ಮರಳಿ, ಮೊದಲು ತೆನಾರನ ಬಳಿಯಲ್ಲೂ ಆಮೇಲೆ ಆರ್ಮಾನ್ ಸೆಗ್ಯಾನನ ಬಳಿಯಲ್ಲೂ ದುಡಿದನು. ಸೆಗ್ಯಾನನೊಡನೆ ಅಫೀಮನ್ನು ಪರೀಕ್ಷಿಸುತ್ತಿದ್ದಾಗ ಅವರಿಗೆ ಹರಳುಗಟ್ಟುವ ಒಂದು ವಸ್ತು ದೊರೆಯಿತು. ಇಂದು ಮಾರ್ಫಿನ್ ಎಂದು ನಾವು ಕರೆಯುವುದು ಅದನ್ನೇ ಎಂದು ತೋರುತ್ತದೆ. 1804ರಲ್ಲಿ ವಿದ್ವಾಂಸರ ಮುಂದೆ ಓದಿದ ಆ ಪ್ರಬಂಧ ಅಚ್ಚಾದದ್ದು ಹತ್ತು ವರ್ಷಗಳ ಮೇಲೆ, 1814ರಲ್ಲಿ. ಮಾರ್ಫಿನ್ ಕಂಡುಹಿಡಿದ ಕೀರ್ತಿ ಜರ್ಮನಿಯ ಸೆರ್ಟ್ಯೂರ್ನರನಿಗೆ ಸಂದಿತು. ದುಡಿಮೆ ಒಂದು ಕಡೆ, ಫಲ ಇನ್ನೊಂದು ಕಡೆ ಎಂಬ ಮಾತು ಕೂರ್ತ್ವಾನ ಬಾಳಿನಲ್ಲಿ ಮೊದಲು ನಿಜವಾದದ್ದು ಆಗ.

1804ರ ಹೊತ್ತಿಗೆ ಅವನು ಪ್ಯಾರಿಸಿನಲ್ಲಿ ಪೆಟ್ಲುಪ್ಪಿನ ಕಾರ್ಖಾನೆಗೆ ಕೈಹಾಕಿದನು. ತಂದೆಯ ವ್ಯಾಪಾರ ಸಾಲದಲ್ಲಿ ಸಿಕ್ಕಿತ್ತು. ಮಗ ಅದರ ಭಾರ ಹೊರಬೇಕಾಯಿತು. 1808ರಲ್ಲಿ ವಿವಾಹವಾಯಿತು. ಹುಡುಗಿ ಪ್ಯಾರಿಸಿನ ಒಬ್ಬ ಕ್ಷೌರಿಕನ ಮಗಳು. ವರದಕ್ಷಿಣೆಯಿಂದಾಗಲಿ ಬಂಧುಬಳಗದಿಂದಾಗಲಿ ಏಳಿಗೆಗೆ ಬರುವ ಸಂಸಾರ ಅದಾಗಿರಲಿಲ್ಲ.

ನೆಪೋಲಿಯನ್ನನ ಯುದ್ಧಗಳಿಗೆ ಮದ್ದು ಎಷ್ಟಿದ್ದರೂ ಸಾಲದು. ಸೌದೆಯ ಬೂದಿ ಸಾಕಷ್ಟು ದೊರೆಯದಾಯಿತು. ಆಗ ತಯಾರಕರು ನಾರ್ಮಂಡಿ, ಬ್ರಿಟನಿ ತೀರಗಳತ್ತ ನೋಡಿದರು. ಅಲ್ಲಿ ಅಲೆಗಳು ದಡಕ್ಕೆ ತಂದು ಒಗೆಯುವ ಕಳೆಯನ್ನು ಜನರು ಒಣಗಿಸಿ, ಗುಂಡಿಗಳಲ್ಲಿ ಸುಟ್ಟು ಬೂದಿ ಮಾಡುತ್ತಿದ್ದರು. ಈ ಬೂದಿಯನ್ನು ನೀರಿನಲ್ಲಿ ಕಲಸಿ, ಸೋಸಿ, ಬತ್ತಿಸುತ್ತ ಹೋದರೆ ಅಡುಗೆ ಉಪ್ಪು, ಪೊಟ್ಯಾಷಿಯಂ ಲವಣಗಳು ಒಂದಾದ ಮೇಲೊಂದರಂತೆ ಹರಳುಗಟ್ಟಿ ಬೇರೆಯಾಗುತ್ತವೆ. ಕೊನೆಗೆ ಹರಳುಗಟ್ಟದ ಒಂದಿಷ್ಟು ದ್ರವ ತಳದಲ್ಲಿ ಉಳಿಯುತ್ತದೆ. ಎಲ್ಲರ ದೃಷ್ಟಿಯಲ್ಲಿ ಅದು ಚೆಲ್ಲುವ ವಸ್ತು.

ಕೂರ್ತ್ವಾನ ತಾಮ್ರದ ಪಾತ್ರೆಗಳು ಈ ದ್ರವದಿಂದ ಸವೆದುಹೋಗುತ್ತಿದ್ದವು. ಪಾತ್ರೆಗೆ ಹತ್ತಿದ ಕೊಳೆಯನ್ನು ಬಿಡಿಸಲು ಅವನು ಗಂಧಕಾಮ್ಲವನ್ನು ಹಾಕುತ್ತಿದ್ದನು. 1811ರ ಕೊನೆಯ ಭಾಗದಲ್ಲಿ ಒಂದು ದಿನ ಆಮ್ಲ ಸ್ವಲ್ಪ ಹೆಚ್ಚಾಗಿ ಬಿದ್ದಿತು. ಒಡನೆಯೇ ಪಾತ್ರೆಯಿಂದ ಸೊಗಸಾದ ನೇರಳೆ ಬಣ್ಣದ ಆವಿ ಎದ್ದಿತು. ತಣ್ಣನೆಯ ಜಾಗ ತಗಲಿದ ಕಡೆ ಆ ಆವಿ ನೀರಾಗದೆ, ನೇರವಾಗಿ ಹೊಳೆಯುವ ಕಪ್ಪು ಹರಳುಗಳಾಗಿ ಕುಳಿತಿತು. ಬೆಕ್ಕೊಂದು ಆಮ್ಲದ ಸೀಸೆಯನ್ನು ಉರುಳಿಸಿದ್ದರಿಂದ ಇದು ನಡೆಯಿತೆಂದು ಒಂದು ಕಟ್ಟುಕಥೆಯೂ ಹಬ್ಬಿದೆ. ಬೆಕ್ಕು ಬೀಳಿಸಿತೋ ಕೈ ತಪ್ಪಿತೋ, ಅದು ಮುಖ್ಯವಲ್ಲ. ಬೇರೆ ವ್ಯಾಪಾರಿಯಾಗಿದ್ದರೆ ಮೂಗು ಮುಚ್ಚಿಕೊಂಡು ಪಾತ್ರೆ ತೊಳೆದು ಮುಂದಿನ ಕೆಲಸಕ್ಕೆ ಹೋಗುತ್ತಿದ್ದನು. ಪ್ರಯೋಗಶಾಲೆಗಳಲ್ಲಿ ಪಳಗಿದ ಕಣ್ಣಾದುದರಿಂದ ಕೂರ್ತ್ವಾನು ಆ ಹರಳುಗಳನ್ನು ಒಟ್ಟುಮಾಡಿದನು.

ಅದೇ 1811ರಲ್ಲಿ ನಮ್ಮ ಮೈಸೂರಿನಲ್ಲಿ, ಯಳಂದೂರನ್ನು ಜಹಗೀರಾಗಿ ಪಡೆದಿದ್ದ ದಿವಾನ್ ಪೂರ್ಣಯ್ಯನವರು ಅಧಿಕಾರದಿಂದ ನಿವೃತ್ತರಾದರು. ಇಂದಿನ ಚಾಮರಾಜನಗರವು ಆಗಿನ್ನೂ ಅರಿಕುಠಾರವಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಜನ್ಮಸ್ಥಳಕ್ಕೆ ಈಗಿನ ಹೆಸರನ್ನು ಇಟ್ಟದ್ದು 1818ರಲ್ಲಿ. ಕಾಲವನ್ನು ಮನಸ್ಸಿಗೆ ತಂದುಕೊಳ್ಳಲು ಇಷ್ಟು ಸಾಕು.

ಕೂರ್ತ್ವಾನು ಆ ವಸ್ತುವನ್ನು ಕ್ರಮವಾಗಿ ಪರೀಕ್ಷಿಸಿದನು. ಅದು ಜಲಜನಕದೊಡನೆ, ರಂಜಕದೊಡನೆ, ಹಲವು ಲೋಹಗಳೊಡನೆ ಕೂಡುತ್ತಿತ್ತು. ಆಮ್ಲಜನಕ, ಇಂಗಾಲಗಳೊಡನೆ ಸುಲಭವಾಗಿ ಕೂಡುತ್ತಿರಲಿಲ್ಲ. ಕೆಂಪಗೆ ಕಾದ ಶಾಖದಲ್ಲೂ ಅದು ಒಡೆಯಲಿಲ್ಲ. ಅಮೋನಿಯದೊಡನೆ ಸೇರಿ ಕೊಡುವ ಕಂದುಬಣ್ಣದ ಪುಡಿ ಮಾತ್ರ ಸ್ವಲ್ಪ ತಾಗಿದರೂ ಸಿಡಿಯುತ್ತಿತ್ತು. ಇದೊಂದು ಹೊಸ ಮೂಲವಸ್ತುವೇ ಇರಬೇಕೆಂಬ ಗುಮಾನಿಗೆ ಇವೆಲ್ಲ ಆಧಾರವಾಗಿದ್ದವು. ಆದರೆ ಹಗಲೆಲ್ಲ ಕಾರ್ಖಾನೆಯನ್ನು ನೋಡಿಕೊಳ್ಳಬೇಕಾದ, ಸಾಲಕ್ಕೆ ಉತ್ತರ ಹೇಳಬೇಕಾದ ಮನುಷ್ಯನಿಗೆ ಶೋಧನೆಯನ್ನು ಮುಂದುವರಿಸಲು ಹಣವೂ ಇರಲಿಲ್ಲ, ಬಿಡುವೂ ಇರಲಿಲ್ಲ.

ಗುಟ್ಟನ್ನು ಬಚ್ಚಿಟ್ಟುಕೊಂಡು ಒಳ್ಳೆಯ ದಿನ ಬರಲೆಂದು ಅವನು ಕಾಯಬಹುದಾಗಿತ್ತು. ಹಾಗೆ ಮಾಡಲಿಲ್ಲ. ತನ್ನ ಊರಿನ ಕಡೆಯ ಸ್ನೇಹಿತರಾದ ದೆಸೋರ್ಮ್ ಮತ್ತು ಕ್ಲೆಮಾನ್ ಎಂಬುವರ ಕೈಗೆ ಹರಳುಗಳನ್ನು ಕೊಟ್ಟು ಕೆಲಸವನ್ನು ಮುಂದುವರಿಸಲು ಬಿಟ್ಟನು. 1813ರ ನವೆಂಬರ್ 29ರಂದು ಕ್ಲೆಮಾನ್ ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಈ ಶೋಧನೆಯನ್ನು ಸಾರಿದನು. ಗೇ ಲ್ಯುಸಾಕನಿಗೂ ಆಂಪೇರನಿಗೂ ಮಾದರಿಗಳು ದೊರೆತವು.

ಆ ಸಮಯಕ್ಕೆ ಸರಿಯಾಗಿ ಇಂಗ್ಲೆಂಡಿನ ಹಂಫ್ರಿ ಡೇವಿ ಪ್ಯಾರಿಸಿನಲ್ಲಿದ್ದನು. ಎರಡು ದೇಶಗಳ ನಡುವೆ ಘೋರ ಯುದ್ಧ ನಡೆಯುತ್ತಿದ್ದರೂ ನೆಪೋಲಿಯನ್ ಆ ವಿಜ್ಞಾನಿಗೆ ರಹದಾರಿ ಕೊಡಿಸಿದ್ದನು. ಅವನ ಸಹಾಯಕನಾಗಿ ಬಂದಿದ್ದವನು ಕಮ್ಮಾರನ ಮಗನಾದ, ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಇಪ್ಪತ್ತೆರಡು ವರ್ಷದ ಮೈಕೇಲ್ ಫ್ಯಾರಡೆ. ಆಂಪೇರನು ಡೇವಿಗೂ ಒಂದಿಷ್ಟು ಹರಳು ಕೊಟ್ಟನು. ಕೆಲವೇ ದಿನಗಳಲ್ಲಿ ಗೇ ಲ್ಯುಸಾಕ್, ಡೇವಿ ಇಬ್ಬರೂ ಅದು ಕ್ಲೋರಿನ್ನಿನ ಜಾತಿಗೆ ಸೇರಿದ ಹೊಸ ಮೂಲವಸ್ತುವೆಂಬ ನಿರ್ಧಾರದ ಕಡೆಗೆ ಬಂದರು. ನೇರಳೆ ಬಣ್ಣದ್ದು ಎಂಬರ್ಥದ ಗ್ರೀಕ್ ಪದದಿಂದ ಗೇ ಲ್ಯುಸಾಕನು ಅದಕ್ಕೆ ಹೆಸರಿಟ್ಟನು. ಅದರ ಸ್ವರೂಪವನ್ನು ಮೊದಲು ತಿಳಿದವರು ಯಾರೆಂದು ಇವರಿಬ್ಬರಿಗೂ ವಾದ ಬೆಳೆಯಿತು. ಆದರೆ ವಸ್ತುವನ್ನು ಕಂಡವನು ಕೂರ್ತ್ವಾ ಎಂಬುದನ್ನು ಇಬ್ಬರೂ ಒಪ್ಪಿಕೊಂಡರು. ಅಫೀಮಿನ ವಿಷಯದಲ್ಲಿ ತಪ್ಪಿಹೋದ ಕೀರ್ತಿ ಈ ಬಾರಿ ಅವನಿಗೆ ಉಳಿಯಿತು.

ಕೀರ್ತಿ ಉಳಿಯಿತು, ಅನ್ನ ಉಳಿಯಲಿಲ್ಲ. 1815ರಲ್ಲಿ ನೆಪೋಲಿಯನ್ ಸೋತು, ಸಮುದ್ರದ ವ್ಯಾಪಾರ ಮತ್ತೆ ತೆರೆಯಿತು. ಭಾರತದ ಪೆಟ್ಲುಪ್ಪು ಅಗ್ಗದ ಬೆಲೆಗೆ ಫ್ರಾನ್ಸಿಗೆ ಬರತೊಡಗಿತು. ಬಿಹಾರದ ಹಳ್ಳಿಗಳಲ್ಲಿ ನೋನಿಯಾ ಎಂಬ ಜನರು ಮಣ್ಣು ಕೆರೆದು, ಸೋಸಿ, ಕಾಯಿಸಿ ತೆಗೆಯುತ್ತಿದ್ದ ಪೆಟ್ಲುಪ್ಪು ಅದು. ಅಲ್ಲಿಯ ಹವೆಯಲ್ಲಿ ಅದು ನೆಲದ ಮೇಲೆ ತಾನಾಗಿಯೇ ಹೂವರಳಿದಂತೆ ಬೆಳ್ಳಗೆ ಮೂಡುತ್ತದೆ. ಇದರ ಮುಂದೆ ಪ್ಯಾರಿಸಿನ ಕಾರ್ಖಾನೆ ನಿಲ್ಲಲಿಲ್ಲ. ನಮ್ಮ ಇತಿಹಾಸ ಪಾಠಗಳಲ್ಲಿ ಯೂರೋಪಿನ ಅಗ್ಗದ ಸರಕು ನಮ್ಮ ನೇಕಾರರ ಮಗ್ಗವನ್ನು ನಿಲ್ಲಿಸಿದ ಸಂಗತಿಯನ್ನು ಓದುತ್ತೇವೆ. ಇಲ್ಲಿ ನಮ್ಮ ದೇಶದ ಸರಕು ಯೂರೋಪಿನ ಒಬ್ಬ ಕಸುಬುದಾರನನ್ನು ಮುಳುಗಿಸಿತು. ಹಾಗೆಂದು ಮಣ್ಣು ಕೆರೆದ ನೋನಿಯಾಗಳು ಸಿರಿವಂತರಾದರೆಂದಲ್ಲ. ಎರಡು ಕಡೆಯೂ ದುಡಿದವನು ಬಡವನಾಗಿಯೇ ಉಳಿದನು. ಲಾಭ ನಡುವಿನ ವ್ಯಾಪಾರಿಗಳ ಪಾಲಾಯಿತು.

ಪೆಟ್ಲುಪ್ಪಿನ ಕೆಲಸವನ್ನು ಬಿಟ್ಟು, ಸುಮಾರು 1822ರಿಂದ ಕೂರ್ತ್ವಾನು ತಾನು ಕಂಡ ಅಯೋಡಿನ್ನನ್ನೇ ತಯಾರಿಸಿ ಮಾರತೊಡಗಿದನು. ಅವನ ಸರಕು ಬಹಳ ಶುದ್ಧವಾಗಿತ್ತು. ಆದರೆ ವಿಧಾನವನ್ನು ಆಗಲೇ ಎಲ್ಲರೂ ಬಲ್ಲರು. 1831ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಅಯೋಡಿನ್ನಿನ ವೈದ್ಯೋಪಯೋಗವನ್ನು ಮನ್ನಿಸಿ ಅವನಿಗೆ ಮೊಂತಿಯೋನ್ ಬಹುಮಾನವಾಗಿ 6,000 ಫ್ರಾಂಕುಗಳನ್ನು ಕೊಟ್ಟಿತು. ಶೋಧನೆಯಿಂದ ಅವನಿಗೆ ಬಂದ ಗಣನೀಯ ಹಣ ಇದೊಂದೇ. 1835ರಲ್ಲಿ ವ್ಯಾಪಾರ ನಿಂತಿತು. 1838ರ ಸೆಪ್ಟೆಂಬರ್ 27ರಂದು, ಅರವತ್ತೊಂದನೆಯ ವಯಸ್ಸಿನಲ್ಲಿ, ಅವನು ಪ್ಯಾರಿಸಿನಲ್ಲಿ ಬಡವನಾಗಿ ತೀರಿಕೊಂಡನು. ಹೆಂಡತಿಗೆ ಅವನು ಬಿಟ್ಟುಹೋದ ಆಸ್ತಿ ಏನೂ ಇರಲಿಲ್ಲ.

ಅವನು ಬಿಟ್ಟುಕೊಟ್ಟ ಹರಳು ಲೋಕಕ್ಕೆ ಏನು ಮಾಡಿತೆಂಬುದನ್ನು ಇನ್ನು ನೋಡೋಣ. 1814ರಲ್ಲೇ ಅದು ಗಂಜಿಯನ್ನು ನೀಲಿಯಾಗಿಸುವ ಗುಣ ತಿಳಿದುಬಂದಿತು. ಇಂದಿಗೂ ಶಾಲೆಗಳಲ್ಲಿ ಪಿಷ್ಟವನ್ನು ಪತ್ತೆ ಮಾಡುವುದು ಹಾಗೆಯೇ. ಕುತ್ತಿಗೆ ಊದಿಕೊಳ್ಳುವ ಗಳಗಂಡ ರೋಗಕ್ಕೆ ಹಿಂದಿನ ವೈದ್ಯರು ಸುಟ್ಟ ಕಡಲ ಸ್ಪಂಜನ್ನು ಕೊಡುತ್ತಿದ್ದರು. ಅದರ ಗುಣಕ್ಕೆ ಅಯೋಡಿನ್ನೇ ಕಾರಣವಿರಬೇಕೆಂದು ಊಹಿಸಿ, 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ರೋಗಿಗಳಿಗೆ ಅಯೋಡಿನ್ನನ್ನೇ ಕೊಟ್ಟು ನೋಡಿದನು. 1896ರಲ್ಲಿ ಜರ್ಮನಿಯ ಬೌಮನ್ನನು ಥೈರಾಯ್ಡ್ ಗ್ರಂಥಿಯಲ್ಲಿ ಅಯೋಡಿನ್ ಇರುವುದನ್ನು ಕಂಡನು. ಆಹಾರದಲ್ಲಿ ಅದು ಸಾಲದಾದರೆ ಗಳಗಂಡ ಬರುವುದಷ್ಟೇ ಅಲ್ಲ, ಗರ್ಭದಲ್ಲಿರುವ ಶಿಶುವಿನ ಬುದ್ಧಿಯೇ ಕುಂದುತ್ತದೆ.

ಮಳೆ ಕೊಚ್ಚಿಕೊಂಡುಹೋದ ಬೆಟ್ಟದ ಮಣ್ಣಿನಲ್ಲಿ ಅಯೋಡಿನ್ ಕಡಮೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಕೆಲವು ಭಾಗದ ಜನರಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದು ಭಾಗಕ್ಕೆ ಬರಿಯ ಉಪ್ಪನ್ನೂ ಒದಗಿಸಿ ಪರೀಕ್ಷಿಸಿದರು. ಅಯೋಡಿನ್ ಸೇರಿದ ಉಪ್ಪು ಉಂಡ ಕಡೆ ಗಳಗಂಡ ಇಳಿಯಿತು. 1962ರಲ್ಲಿ ಭಾರತ ಸರ್ಕಾರವು ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ತೆರಕಣಾಂಬಿಯ ಸಂತೆಯಲ್ಲಾಗಲಿ ಬೇಗೂರಿನ ಅಂಗಡಿಯಲ್ಲಾಗಲಿ ನಾವು ಕೊಳ್ಳುವ ಅಯೋಡಿನ್ ಉಪ್ಪಿನ ಹಿಂದೆ ಇಷ್ಟು ದೀರ್ಘವಾದ ಕಥೆ ಇದೆ.

ಈಗ ಅಯೋಡಿನ್ನಿಗಾಗಿ ಕಡಲ ಕಳೆಯನ್ನು ನೆಚ್ಚಿಲ್ಲ. ಪ್ರಪಂಚಕ್ಕೆ ಹೆಚ್ಚಿನ ಅಯೋಡಿನ್ ಒದಗುವುದು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ. ಅಲ್ಲಿ ಅದು ಇರುವುದು ಪೆಟ್ಲುಪ್ಪಿನ ಸೋದರನಾದ ಚಿಲಿ ಲವಣದ ಗಣಿಗಳಲ್ಲಿ. ಪೆಟ್ಲುಪ್ಪಿನ ತಯಾರಕನೊಬ್ಬನು ಕಂಡ ವಸ್ತು ಹೀಗೆ ಮತ್ತೆ ಅದೇ ಬಳಗದ ಮನೆಯನ್ನು ಸೇರಿದೆ.

ಶೋಧನೆಯ ನೂರನೆಯ ವರ್ಷದ ನೆನಪಿಗಾಗಿ 1913ರಲ್ಲಿ ದಿಜೋನಿನ ಜನರು ತಮ್ಮ ಊರಿನ ಮಗನಿಗೆ ಗೌರವ ಸಲ್ಲಿಸಿದರು. ಬದುಕಿದ್ದಾಗ ಸಲ್ಲಬೇಕಾದ ಸಹಾಯ ಸತ್ತ ಮೇಲೆ ಗೌರವವಾಗಿ ಸಲ್ಲುವುದು ಯಾವ ದೇಶದಲ್ಲೂ ಹೊಸದಲ್ಲ. ಬೆಳೆದ ಮನುಷ್ಯನಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷ ಬಾಳಿದರೂ ಒಟ್ಟು ಸುಮಾರು 4 ಗ್ರಾಂ, ಒಂದು ಚಮಚದಷ್ಟೂ ಇಲ್ಲ. ಕೂರ್ತ್ವಾ ತನ್ನ ಸ್ನೇಹಿತರ ಕೈಗೆ ಬೆಲೆ ಕೇಳದೆ ಇಟ್ಟದ್ದೂ ಬಹುಶಃ ಅಷ್ಟೇ ಸಣ್ಣದೊಂದು ಚಿಟಿಕೆ.